ಎಡೆಗಿಟ್ಟ ಕೋವಿ

ಬಾರೆಕೊಪ್ಪಲಿನ ಮರಿಸಿದ್ದಯ್ಯನಿಗೆ ಎಲೆಕ್ಷನ್ ಬಂತೆಂದರೆ ಹಬ್ಬ ಬಂದ ಹಾಗೆ. ಯಾರು ನಿಂತರು, ಯಾರು ಗೆದ್ದರು, ಅದೆಲ್ಲ ಅವನಿಗೆ ಬೇಕಿರಲಿಲ್ಲ. ಲೈಸೆನ್ಸು ಇರುವವರೆಲ್ಲ ಕೋವಿ ತಂದು ಠಾಣೆಗೆ ಒಪ್ಪಿಸಬೇಕು ಎಂದು ಪೊಲೀಸಿನವರು ಹೇಳಿ ಕಳಿಸುವುದೇ ತಡ, ಮುದುಕ ಒಗೆದ ಪಂಚೆ ಉಟ್ಟು, ಕೋವಿಯನ್ನು ಹಳೇ ಕಂಬಳಿಯಲ್ಲಿ ಸುತ್ತಿ, ಮಗ ಕೆಂಪಸಿದ್ದಯ್ಯನ ಹೆಗಲಿಗೆ ಕೊಟ್ಟು ಹೊರಟುಬಿಡುತ್ತಿದ್ದ. ಊರ ಗೌಡರ ಕೋವಿಗಳು ಠಾಣೆಯ ಗೋಡೆಗೆ ಸಾಲಾಗಿ ಒರಗಿ ನಿಂತಿರುತ್ತಿದ್ದವು. ರೈಟರು ಈ ಕೋವಿಯನ್ನೂ ಈಸಿಕೊಂಡು ಅದೇ ಸಾಲಿಗೆ ಒರಗಿಸುತ್ತಿದ್ದ. ಅದನ್ನು ಕಣ್ತುಂಬ ನೋಡುವುದಕ್ಕೇ ಮುದುಕ ಅಷ್ಟು ದೂರ ಬರುತ್ತಿದ್ದದ್ದು.

“ನೋಡ್ದೇನ್ಲಾ?” ಎನ್ನುತ್ತಿದ್ದ ಆಚೆ ಬಂದು. “ನಮ್ದು ಗೌಡ್ರ ನಾಗ್ರಾಜನ ಕೋವಿಗೆ ಮೈ ತಾಗಿಸ್ಕೊಂಡು ನಿಂತದೆ. ಊರೊಳಗೆ ನಾವು ಅಂಗೆ ನಿಲ್ಲಕಾದದಾ?”

ಆಗದು ಎಂಬುದು ಕೆಂಪಸಿದ್ದಯ್ಯನಿಗೂ ಗೊತ್ತಿತ್ತು. ಈಗ ಟೀ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಪೇಪರ್ ಲೋಟ ಬಂದಿದೆ, ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತಾರೆ, ಎಲ್ಲ ಸರಿ. ಆದರೂ ಊರಿನ ಅರಳಿಕಟ್ಟೆಯ ಮೇಲೆ ಕೇರಿಯವನು ಕಾಲು ಇಳಿಬಿಟ್ಟು ಕೂತದ್ದನ್ನು ಯಾರಾದರೂ ನೋಡಿದ್ದರೆ ಬಂದು ಹೇಳಲಿ. ಠಾಣೆಯ ಗೋಡೆಯೊಂದೇ ಆ ಮುದುಕನಿಗೆ ಸಿಕ್ಕಿದ ಸಮಾನವಾದ ಜಾಗ.

ಆ ಕೋವಿ ಕೇರಿಗೆ ಬಂದದ್ದು ಕೆಂಪಸಿದ್ದಯ್ಯ ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ. ಮಳವಳ್ಳಿಯಿಂದ ಹಲಗೂರು ದಾಟಿ ಕಾಡಂಚಿಗೆ ಬಂದರೆ ಬಾರೆಕೊಪ್ಪಲು. ಕೇರಿಯವರಿಗೆ ಸರ್ಕಾರ ಕೊಟ್ಟ ಹೊಲಗಳೆಲ್ಲ ಕಾಡಿನ ಬಾಯಿಗೇ ಇದ್ದವು. ಹಂದಿಗಳು ಬೆಟ್ಟ ಇಳಿದು ಮೊದಲು ಮೇಯುತ್ತಿದ್ದದ್ದು ಅಲ್ಲೇ, ಹೊಟ್ಟೆ ತುಂಬದೆ ಉಳಿದರೆ ಆಮೇಲೆ ಊರವರ ಗದ್ದೆಗೆ. ಒಂದು ವರ್ಷ ಜಮಾಬಂದಿಗೆ ಯಾರೋ ಚಿಕ್ಕ ವಯಸ್ಸಿನ ಸಾಹೇಬರು ಬಂದು ಅರಳಿಕಟ್ಟೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಗ ಮರಿಸಿದ್ದಯ್ಯ ಹಿಂದಿನಿಂದಲೇ ಕೂಗಿದನಂತೆ: “ಸ್ವಾಮಿ, ಅಂದಿ ಬರೋದು ನಮ್ ಒಲಕ್ಕೆ, ಕೋವಿ ಇರೋದು ಊರೊಳಗೆ. ಇದ್ಯಾವ ನ್ಯಾಯ?” ಸಾಹೇಬರು ಜೋರಾಗಿ ನಕ್ಕು, ಅಲ್ಲೇ ಅರ್ಜಿ ಬರೆಸಿಕೊಂಡರಂತೆ. ಬೆಳೆ ಕಾಯುವುದಕ್ಕೆ ಅಂತ ಒಂದು ನಳಿಕೆಯ ಕೇಪಿನ ಕೋವಿಗೆ ಲೈಸೆನ್ಸು ಆಯಿತು. ಬಾಯಿಂದ ಮದ್ದು ತುಂಬಿ, ಗಜದ ಸರಳಿನಿಂದ ಗಿಡಿದು, ಕೇಪು ಇಟ್ಟು ಹೊಡೆಯುವ ಕೋವಿ. ಅಯ್ಯೋ, ಅದು ಹಾರುವಷ್ಟರಲ್ಲಿ ಹಂದಿ ಕನಕಪುರ ಮುಟ್ಟಿರುತ್ತಿತ್ತು ಬಿಡಿ.

ಹಂದಿ ಸಾಯದಿದ್ದರೂ ಸದ್ದು ಸಾಕಾಗಿತ್ತು. ಆ ಸದ್ದು ಹಂದಿಗಷ್ಟೇ ಕೇಳಿಸಲಿಲ್ಲ ಎನ್ನಿ. ಅಲ್ಲಿಂದಾಚೆಗೆ ಕುಡಿದು ಬಂದು ಕೇರಿಯ ಬಾಯಲ್ಲಿ ನಿಂತು ಅವ್ವ ಅಕ್ಕ ಎಂದು ಬೈಯುವವರ ಗಂಟಲು ಕೊಂಚ ಇಳಿಯಿತು. ಮರಿಸಿದ್ದಯ್ಯ ಯಾವತ್ತೂ ಆ ಕೋವಿಯನ್ನು ಮನುಷ್ಯರ ಕಡೆ ತಿರುಗಿಸಿದವನಲ್ಲ. ಗೋಡೆಯ ಗೂಟಗಳ ಮೇಲೆ ಅದು ಅಡ್ಡಡ್ಡ ಮಲಗಿರುತ್ತಿತ್ತು. ವಾರಕ್ಕೊಮ್ಮೆ ಇಳಿಸಿ ಹುಣಸೆಹಣ್ಣು ಬೂದಿ ಹಾಕಿ ಉಜ್ಜುತ್ತಿದ್ದ, ಆಮೇಲೆ ಕೊಬ್ಬರಿ ಎಣ್ಣೆ. ಹಿಡಿಯ ಹತ್ತಿರ ಮರ ಸೀಳಿದಾಗ ಹಿತ್ತಾಳೆ ತಂತಿ ತಂದು ಕೈಯಾರೆ ಬಿಗಿದಿದ್ದ. ಮುದುಕನ ಉಜ್ಜಾಟಕ್ಕೆ ನಳಿಕೆಯ ಮೇಲೆ ಕೊರೆದಿದ್ದ ನಂಬರೇ ಸವೆದು ಮಾಯವಾಗಿತ್ತು. ಠಾಣೆಯಲ್ಲಿ ತಪಾಸಣೆ ಮಾಡುವವರು ಅದನ್ನು ನೋಡುತ್ತಲೂ ಇರಲಿಲ್ಲ, ಲೈಸೆನ್ಸಿನಲ್ಲಿದ್ದ ನಂಬರನ್ನೇ ನಕಲು ಮಾಡಿ ಸಹಿ ಹಾಕಿ ಕಳಿಸುತ್ತಿದ್ದರು.

ಇಷ್ಟು ಹೇಳಿದ್ದು ಅಪ್ಪನ ಮಾತಾಯಿತು. ನಾನು ಹೇಳಹೊರಟಿರುವುದು ಮಗನ ಬಾಳು, ಆದರೆ ಕೆಂಪಸಿದ್ದಯ್ಯನ ಬಾಳಿನಲ್ಲಿ ಅಪ್ಪನನ್ನು ಬಿಟ್ಟರೆ ಹೇಳುವಂಥದ್ದು ಏನಿತ್ತು? ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು ಹೋಯಿತು, ಹೋದದ್ದು ಹೋಯಿತು. ದುದ್ದದ ಕಡೆಯ ಮಂಚಮ್ಮನನ್ನು ತಂದುಕೊಂಡ. ಬಾಯಿ ಜೋರು, ಕೈ ಅದಕ್ಕಿಂತ ಜೋರು, ಹೊಲ ನಿಂತದ್ದೇ ಅವಳಿಂದ. ಒಬ್ಬಳೇ ಮಗಳು ಕುಸುಮ, ಮಂಡ್ಯದಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಅಪ್ಪನ ಎದುರು ಕೆಂಪಸಿದ್ದಯ್ಯ ಬೀಡಿ ಸೇದಿದವನಲ್ಲ, ದನಿ ಎತ್ತಿದವನಲ್ಲ. ಕೋವಿ ಹೊತ್ತುಕೊಂಡು ಅಪ್ಪನ ಹಿಂದೆ ನಡೆದ, ಅಪ್ಪನ ಮುಂದೆ ಯಾವತ್ತೂ ನಡೆಯಲಿಲ್ಲ.

ಒಮ್ಮೆ ಕುಸುಮ ರಜಕ್ಕೆ ಬಂದವಳು ತಾತನನ್ನು ಕೆಣಕಿದಳು. “ತಾತ, ಅಮೇರಿಕದಲ್ಲಿ ತರಕಾರಿ ತಂದಂಗೆ ಅಂಗಡೀಗೋಗಿ ಕೋವಿ ತರ್ತಾರಂತೆ. ನಮ್ ದೇಸ್ದಲ್ಲೂ ಅಂಗಿದ್ದಿದ್ರೆ ನೀನು ಇಷ್ಟು ಅಲೀಬೇಕಿತ್ತಾ?”

ಮುದುಕ ಉಜ್ಜುವುದನ್ನು ನಿಲ್ಲಿಸಿ ಯೋಚಿಸಿದ. “ಬ್ಯಾಡ ಕಣವ್ವ. ಅಂಗೆ ಸಿಕ್ಕೋದಾದ್ರೆ ಊರೋರು ಮನೆಗೆ ನಾಕು ತಂದಿಟ್ಕತಾರೆ. ನಾವು ಒಂದ್ ತರೋ ಒತ್ಗೆ ಅವ್ರು ನಮ್ಮುನ್ನ ಮುಗ್ಸಿರ್ತಾರೆ. ಸರ್ಕಾರ ಕೇಳಿ ಕೇಳಿ ಕೊಡೋದೇ ವಾಸಿ.”

ಅಂಥ ಮುದುಕ ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ತೀರಿಕೊಂಡ. ಸಾಯುವ ಮುಂಚೆ ಗೂಟದ ಕಡೆ ಕಣ್ಣಲ್ಲೇ ತೋರಿಸಿ, “ಅದು ಮನೆ ಬುಟ್ಟು ಓಗ್ಬಾರ್ದು” ಎಂದ. ಮಗ “ಇಲ್ಲ ಕಣಪ್ಪ” ಎಂದ. ಕೆಂಪಸಿದ್ದಯ್ಯ ಬಾಳಿನಲ್ಲಿ ಯಾರಿಗಾದರೂ ಕೊಟ್ಟ ಭಾಷೆ ಎಂದರೆ ಅದೊಂದೇ.

ಅವನು ಕಳ್ಳದಾರಿ ಹಿಡಿಯಲಿಲ್ಲ. ಹಾಲು ತುಪ್ಪ, ತಿಥಿ ಎಲ್ಲ ಮುಗಿಸಿ, ಮರಣ ಪತ್ರ ಹಿಡಿದು, ಮದ್ದೂರಲ್ಲಿ ಬಸ್ಸು ಬದಲಾಯಿಸಿ ಮಂಡ್ಯಕ್ಕೆ ಹೋದ. ವಾರಸುದಾರ ಎಂದು ತನ್ನ ಹೆಸರಿಗೆ ಲೈಸೆನ್ಸು ಕೇಳಿ ಅರ್ಜಿ ಕೊಟ್ಟ. ಡಿಸಿ ಕಚೇರಿಯಲ್ಲಿದ್ದವರು ಕನ್ನಡಕದ ಮೇಲಿಂದ ನೋಡಿ, “ಕೋವಿ ಅನ್ನೋದು ಹಕ್ಕಲ್ಲಪ್ಪ, ತಿಳ್ಕೋ. ನಂಬಿ ಕೊಡೋದು” ಎಂದರು.

“ಆಗ್ಲಿ ಸ್ವಾಮಿ. ಊರಲ್ಲಿ ಯಾರ್ಗೂ ಬ್ಯಾಡ ಅನ್ನಿ, ಎಲ್ರಿಗಿಂತ ಮೊದ್ಲು ನಾನೇ ತಂದ್ ಒಪ್ಪುಸ್ತೀನಿ. ಅವ್ರಿಗೆ ಇರೋದಾದ್ರೆ ನಮ್ಗೂ ಒಂದಿರ್ಲಿ.”

ಅವರು ಅರ್ಜಿ ತೆಗೆದುಕೊಂಡು, ಲೈಸೆನ್ಸು ಹೆಸರಿಗೆ ಬರುವ ತನಕ ಕೋವಿ ಮನೆಯಲ್ಲಿರಬಾರದು, ಠಾಣೆಗೆ ಒಪ್ಪಿಸಿ ರಸೀದಿ ಇಟ್ಟುಕೋ ಎಂದು ಒಳ್ಳೆಯ ಮಾತಲ್ಲೇ ಹೇಳಿ ಕಳಿಸಿದರು. ಮಾರನೆಯ ದಿನವೇ ಅವನು ಕಂಬಳಿಯಲ್ಲಿ ಸುತ್ತಿಕೊಂಡು ಠಾಣೆಗೆ ಹೋದ. ಅಲ್ಲಿ ಗಣಪತಿ ಹಬ್ಬದ ಬಂದೋಬಸ್ತಿನ ಗಡಿಬಿಡಿ. “ಈಗ ಯಾರಿಗಯ್ಯ ಪುರುಸೊತ್ತು? ಹಬ್ಬ ಕಳೀಲಿ, ಆಮೇಲೆ ತಗೊಂಡ್ ಬಾ” ಎಂದರು. ಕೆಂಪಸಿದ್ದಯ್ಯ ವಾಪಸು ಬಂದು ಅದನ್ನು ಗೂಟಕ್ಕೇ ಏರಿಸಿದ.

ಗಣಪತಿ ನೀರಿಗೆ ಹೋದ. ಆಗಲಾದರೂ ಒಪ್ಪಿಸಿಬಿಡಬೇಕಿತ್ತು. ಮಂಚಮ್ಮ ದಿನಾ ಬೈದಳು. ಆದರೆ ಪಿತೃಪಕ್ಷ ಎದುರಿಗೇ ಬಂದಿತ್ತು, ಅಪ್ಪ ಸತ್ತ ಮೇಲಿನ ಮೊದಲ ಎಡೆ. ನಮ್ಮ ಕಡೆ ಎಡೆ ಹಾಕುವುದೆಂದರೆ ಸತ್ತವರಿಗೆ ಬದುಕಿದ್ದಾಗ ಯಾವುದು ಇಷ್ಟವೋ ಅದನ್ನೆಲ್ಲ ಅವರ ಮುಂದೆ ಇಡುವುದು: ಮುದ್ದೆ, ಮಾಂಸದ ಸಾರು, ಹೊಸ ಬಟ್ಟೆ, ಎಲೆ ಅಡಿಕೆ, ಕುಡಿಯುವವನಾದರೆ ಒಂದು ಕ್ವಾರ್ಟರು. ಇಟ್ಟು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಆಚೆ ಜಗಲಿಯಲ್ಲಿ ಕೂರಬೇಕು. ಸತ್ತವರು ಬಂದು ಉಣ್ಣುತ್ತಾರೆ. ಒಂದಷ್ಟು ಹೊತ್ತು ಬಿಟ್ಟು ಹಿರೀ ಮಗ ಬಾಗಿಲು ತಟ್ಟಿ, ಕೂಗಿ ಹೇಳಿ, ಆಮೇಲೆ ತೆಗೆಯಬೇಕು.

“ಎಡೇಗೆ ಕೋವಿ ಇಲ್ದಿದ್ರೆ ಅಪ್ಪ ಮನೆ ಗುರುತು ಇಡೀತಾನೇನೇ?” ಎಂದ ಕೆಂಪಸಿದ್ದಯ್ಯ. “ಎಡೆ ಮುಗುಸ್ಕೊಂಡು ಮಾರ್ನೇ ದಿನ ಕೊಟ್ಬುಡ್ತೀನಿ.”

“ನಿಮ್ಮಪ್ಪ ಬತ್ತಾನೋ ಬುಡ್ತಾನೋ, ಪೊಲೀಸ್ನೋರು ಬತ್ತಾರೆ ನೋಡ್ಕೊ,” ಎಂದಳು ಮಂಚಮ್ಮ. ಅಂದವಳು ತಾನೇ ಕೋವಿಯನ್ನು ಒರೆಸಿ, ಅರಿಸಿನ ಕುಂಕುಮ ಇಟ್ಟು, ಮಾವನ ಫೋಟೋದ ಪಕ್ಕಕ್ಕೆ ಒರಗಿಸಿದಳು. ಅವಳಿಗೂ ಮಾವ ಎಂದರೆ ಅಷ್ಟು ಪ್ರಾಣ.

ಆ ಅಮಾವಾಸ್ಯೆಯ ಸಂಜೆ ಎಲ್ಲ ಸರಿಯಾಗಿಯೇ ನಡೆಯಿತು. ಕೆಂಪಸಿದ್ದಯ್ಯ ಬಾಗಿಲು ತಟ್ಟಿ, “ಅಪ್ಪಾ, ಉಂಡ್ಯಾ? ಬಾಗ್ಲು ತೆಗೀತೀನಿ ಕಣಪ್ಪ” ಎಂದು ಕೂಗಿದ. ಒಳಗೆ ಹೋದರೆ ಊದುಬತ್ತಿಯ ಹೊಗೆ, ಫೋಟೋ, ಪಕ್ಕದಲ್ಲಿ ಫಳಫಳ ಹೊಳೆಯುವ ಕೋವಿ. ಅಪ್ಪ ಖಂಡಿತ ಬಂದಿದ್ದ ಎಂದು ಅವನಿಗೆ ಅನ್ನಿಸಿತು. ಕುಸುಮ ಅಳುತ್ತಲೇ ಮೊಬೈಲು ತೆಗೆದು, ಎಡೆಯ ಮುಂದೆ ಕೈಮುಗಿದು ಕೂತ ಅಪ್ಪನನ್ನೂ ಸೇರಿಸಿ ಒಂದು ಫೋಟೋ ಹೊಡೆದಳು. ‘ಐ ಮಿಸ್ ಯೂ ತಾತ’ ಎಂದು ಬರೆದು ಸ್ಟೇಟಸ್ಸಿಗೆ ಹಾಕಿದಳು.

ಅಷ್ಟೇ. ಆ ಹುಡುಗಿ ಮಾಡಿದ್ದು ಅಷ್ಟೇ. ಊರ ಕಡೆಯ ಯಾರೋ ಪುಣ್ಯಾತ್ಮ ಅದನ್ನು ಫೋಟೋ ಹಿಡಿದು, ‘ಕೇರಿಯಲ್ಲಿ ಲೈಸೆನ್ಸಿಲ್ಲದ ಬಂದೂಕು’ ಎಂದು ಬರೆದು ಹತ್ತು ಗುಂಪಿಗೆ ಹಾಕಿದ. ಅದು ಊರೂರು ಸುತ್ತಿ ಪೊಲೀಸ್ ಸಾಹೇಬರ ಮೊಬೈಲಿಗೇ ಹೋಯಿತು. ಬೆಳಿಗ್ಗೆ ಕೆಂಪಸಿದ್ದಯ್ಯ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿಗೆ ಹೊರಡಬೇಕು ಎನ್ನುವಷ್ಟರಲ್ಲಿ ಜೀಪು ಬಂದು ಕೇರಿಯ ಬಾಯಲ್ಲಿ ನಿಂತಿತು.

“ಕೊಡಕ್ಕೇ ಒಂಟಿದ್ದೆ ಸ್ವಾಮಿ, ಕಂಬ್ಳಿ ನೋಡಿ ಬೇಕಾರೆ,” ಎಂದ.

“ಕೊಡಕ್ಕೆ ಹೊರಟಿದ್ಯೋ ಬಚ್ಚಿಡಕ್ಕೆ ಹೊರಟಿದ್ಯೋ, ಕೋರ್ಟಲ್ಲಿ ಹೇಳು.”

ಜಪ್ತಿ ಮಾಡುವಾಗ ಊರಿನ ಮರ್ಯಾದಸ್ತರೊಬ್ಬರು ಸಾಕ್ಷಿ ಇರಬೇಕೆಂದು ಗೌಡರ ನಾಗರಾಜುವನ್ನೇ ಕರೆಸಿದರು. ಅದೇ ನಾಗರಾಜು, ಯಾರ ಕೋವಿಯ ಪಕ್ಕ ಈ ಕೋವಿ ನಿಲ್ಲುತ್ತಿತ್ತೋ ಅವನು. ಕೆಟ್ಟವನೇನಲ್ಲ, ಒಂದೇ ಸ್ಕೂಲಲ್ಲಿ ಓದಿದವನು. ತಲೆ ತಗ್ಗಿಸಿಕೊಂಡೇ ಸಹಿ ಹಾಕಿದ.

ಜೈಲಲ್ಲಿ ಕೆಲವು ದಿನ ಇದ್ದು, ಜಾಮೀನಿನ ಮೇಲೆ ಕೆಂಪಸಿದ್ದಯ್ಯ ಮನೆಗೆ ಬರುವ ಹೊತ್ತಿಗೆ ಆಯುಧಪೂಜೆ. ಊರಿನಲ್ಲಿ ಬಾಳೆಕಂಬ ಕಡಿದು, ಪ್ರತಿವರ್ಷದಂತೆ ಗೌಡರ ಕೋವಿಯಿಂದ ಗಾಳಿಗೆ ಗುಂಡು ಹಾರಿಸಿದರು. ಹಾರಿಸಿದವನು ನಾಗರಾಜುವಿನ ಮಗ ಗಗನ, ಲೈಸೆನ್ಸು ಇರುವುದು ಅಪ್ಪನ ಹೆಸರಲ್ಲಿ. ಹೀಗೆ ಸಂಭ್ರಮಕ್ಕೆ ಗುಂಡು ಹಾರಿಸುವುದು ಈಗ ಅಪರಾಧವಂತೆ, ಅದಕ್ಕೂ ಕಾನೂನು ಇದೆಯಂತೆ. ಇದ್ದರೆ ಇರಲಿ, ಯಾರಿಗೆ ಬೇಕು? ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಎಲ್ಲರೂ ಬೆಂಕಿ ಗುರುತು, ಚಪ್ಪಾಳೆ ಗುರುತು ಹಾಕಿದರು. ಯಾವ ಜೀಪೂ ಬರಲಿಲ್ಲ. ಜಗಲಿಯ ಮೇಲೆ ಕೂತಿದ್ದ ಕೆಂಪಸಿದ್ದಯ್ಯ ಆ ಸದ್ದು ಕೇಳಿ ಎದ್ದು ಒಳಗೆ ಹೋಗಿ ಖಾಲಿ ಗೂಟಗಳ ಕೆಳಗೆ ಮಲಗಿಬಿಟ್ಟ.

ಮಂಡ್ಯದಿಂದಲೂ ಉತ್ತರ ಬಂತು. ಅರ್ಜಿದಾರರ ಮೇಲೆ ಕ್ರಿಮಿನಲ್ ಕೇಸು ಇರುವುದರಿಂದ ಲೈಸೆನ್ಸು ಕೊಡಲು ಬರುವುದಿಲ್ಲ. ತಪ್ಪೇನು ಬರೆದಿದ್ದಾರೆ ಅದರಲ್ಲಿ? ಒಂದಕ್ಷರವೂ ತಪ್ಪಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ.

“ಎಲ್ಲ ನನ್ನಿಂದ್ಲೇ ಆಯ್ತಪ್ಪ,” ಎಂದು ಕುಸುಮ ಹಾಸ್ಟೆಲಿನಿಂದ ಫೋನಿನಲ್ಲಿ ಬಿಕ್ಕಿದಳು.

“ನಿಂದೇನೈತವ್ವ? ಕೊಡೋ ದಿನ ಕೊಡ್ದೆ ಇಟ್ಕಂಡಿದ್ದು ನಾನು. ಓದ್ಕೊ ಓಗು.”

ಆ ವರ್ಷ ಕಡಲೆಕಾಯಿ ಹಾಕಿದ್ದರು. ಹಂದಿಗಳು ಮಡಿ ಮಡಿಯನ್ನೇ ಮಗುಚಿ ಹಾಕಿದವು. ಮಂಚಮ್ಮ ತಗಡು ಬಡಿದಳು, ಹಳೇ ಸೀರೆ ಕಟ್ಟಿದಳು. ಹಂದಿಗಳು ಸೀರೆಯನ್ನೂ ಹರಿದುಹಾಕಿ ಹೋದವು. “ಅವಕ್ಕೂ ಗೊತ್ತಾಗದೆ, ಈ ಮನೇಲಿ ಸದ್ದಿಲ್ಲ ಅಂತ,” ಎಂದಳು. ಕೇರಿಯ ಬಾಯಲ್ಲಿ ಕುಡಿದು ಕೂಗುವವರ ಗಂಟಲೂ ಮತ್ತೆ ಏರಿತು. ಒಬ್ಬನಂತೂ ಮನೆಯ ಮುಂದೆಯೇ ನಿಂತು, “ಎಲ್ಲಿ, ತೆಗೀರ್ಲಾ ನಿಮ್ ಕೋವಿಯ!” ಎಂದು ನಕ್ಕು ಹೋದ.

ಕೇಸು ಎಳೆದು ಎಳೆದು ಈ ವರ್ಷ ಶ್ರಾವಣಕ್ಕೆ ಮುಟ್ಟಿತು. ಮಳವಳ್ಳಿಯಲ್ಲಿ ಅವನ ಪರವಾಗಿ ನಿಂತ ಲಾಯರು ಶಾಲಿನಿ ಮೇಡಂ ಕಂಡಂತೆ ಹೇಳಿದರು: “ತಪ್ಪು ಒಪ್ಪಿಕೊಂಡರೆ ಜೈಲು ತಪ್ಪೋದಿಲ್ಲ ಕೆಂಪಸಿದ್ದಯ್ಯ, ಅದೂ ವರ್ಷಗಟ್ಟಲೆ. ನಳಿಕೆ ಮೇಲೆ ನಂಬರಿಲ್ಲ. ನಿಮ್ಮ ತಂದೆ ಲೈಸೆನ್ಸಿನಲ್ಲಿರೋ ಕೋವಿ ಇದೇ ಅಂತ ಪೊಲೀಸರ ಕೈಲಿ ತೋರಿಸಕ್ಕೆ ಆಗ್ತಿಲ್ಲ. ಫೋಟೋ ಇದೆ ನಿಜ, ಅದನ್ನ ಸರಿಯಾದ ಕ್ರಮದಲ್ಲಿ ಕೋರ್ಟಿಗೆ ತಂದಿಲ್ಲ. ಉಳಿದಿರೋದು ನಾಗರಾಜು ಸಾಕ್ಷಿ, ಮತ್ತೆ ನಿಮ್ಮ ಬಾಯಿ. ಇಬ್ಬರೂ ಇಲ್ಲ ಅಂದರೆ ಕೇಸು ನಿಲ್ಲಲ್ಲ.”

ನಾಗರಾಜು ತಾನಾಗಿಯೇ ಹೊಲಕ್ಕೆ ಬಂದ. ಬದುವಿನ ಮೇಲೆ ಕೂತು ಹುಲ್ಲುಕಡ್ಡಿ ಮುರಿಯುತ್ತ ಹೇಳಿದ:

“ಲೇ ಸಿದ್ದ, ನೀನು ಜೈಲಿಗೋಗೋದು ನಂಗೂ ಬ್ಯಾಡ ಕಣ್ಲಾ. ನಾನು ಏನೂ ನೋಡ್ಲಿಲ್ಲ, ಸಯ್ನ್ ಆಕು ಅಂದ್ರು ಆಕ್ದೆ ಅಂತೀನಿ. ನೀನೂ ನಂದಲ್ಲ ಅಂದ್ಬುಡು. ಆದ್ರೆ ಒಂದ್ ಮಾತು. ಇನ್ಮೇಲೆ ಕೋವಿ ಗೀವಿ ಅಂತ ಅರ್ಜಿ ಆಕ್ಬ್ಯಾಡ. ಊರಲ್ಲಿ ನಮ್ಮೋರು ಒಂದ್ ತರ ಮಾತಾಡ್ತಾವ್ರೆ. ಅಂದಿ ಬಂದ್ರೆ ಫೋನ್ ಮಾಡು, ನಮ್ ಉಡ್ಗ ಬಂದು ಸದ್ದು ಮಾಡಿ ಓಯ್ತಾನೆ.”

“ಅಪ್ಪುಂಗೆ ಮಾತು ಕೊಟ್ಟಿದ್ದೆ, ಗೌಡ್ರೆ.”

“ಸತ್ತೋರು ಕೋರ್ಟಿಗೆ ಬಂದು ಕೇಳ್ತಾರೇನ್ಲಾ?”

ನಾಗರಾಜು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಅದಕ್ಕೇ ಅವನಿಗೆ ಬೈಯುವುದಕ್ಕೂ ಆಗಲಿಲ್ಲ. ಕೆಂಪಸಿದ್ದಯ್ಯ ಮಗಳನ್ನು ನೆನೆದ. ಅವಳ ಓದು ಮುಗಿದು ಕೆಲಸದ ಇಂಟರ್ವ್ಯೂಗಳು ಶುರುವಾಗಿದ್ದವು. ಜೈಲಿನಲ್ಲಿರುವವನ ಮಗಳು ಎನ್ನಿಸಿಕೊಳ್ಳುವುದಕ್ಕೆ ಅವಳು ಓದಿದಳೇ? “ಆಯ್ತು ಗೌಡ್ರೆ” ಎಂದ.

ನಾಗರಾಜು ಮಾತಿಗೆ ತಪ್ಪದೆ, ಏನೂ ನೋಡಿಲ್ಲ ಎಂದೇ ಸಾಕ್ಷಿ ಹೇಳಿದ. ಕೆಂಪಸಿದ್ದಯ್ಯನ ಸರದಿ ಬಂದ ದಿನ ಕೋರ್ಟಿನಲ್ಲಿ ಕೋವಿಯನ್ನು ತಂದು ಮೇಜಿಗೆ ಒರಗಿಸಿದ್ದರು. ಹಿಡಿಗೆ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. ಅಷ್ಟು ಕಾಲ ಎಣ್ಣೆ ಕಾಣದೆ ನಳಿಕೆ ಕೆಂಪಗೆ ತುಕ್ಕು ಹಿಡಿದಿತ್ತು. ಹಿತ್ತಾಳೆ ತಂತಿ ಮಾತ್ರ ಅಪ್ಪ ಬಿಗಿದ ಹಾಗೆಯೇ ಇತ್ತು. ಪಕ್ಕದಲ್ಲಿ ಬೇರೆ ಯಾವ ಕೋವಿಯೂ ಇರಲಿಲ್ಲ. ಕೆಂಪಸಿದ್ದಯ್ಯನಿಗೆ ಓಡಿಹೋಗಿ ಪಂಚೆಯಲ್ಲಿ ಅದನ್ನು ಒರೆಸಬೇಕು ಅನ್ನಿಸಿತು.

“ಈ ಬಂದೂಕು ನಿಮ್ಮ ಮನೆಯಲ್ಲಿ ಸಿಕ್ಕಿತು ಅಂತ ಪೊಲೀಸರು ಹೇಳಿದ್ದಾರೆ. ಏನು ಹೇಳ್ತೀರಿ?” ಎಂದು ನ್ಯಾಯಾಧೀಶರು ಕೇಳಿದರು. ಅವರ ದನಿಯಲ್ಲಿ ಕೋಪವೇನೂ ಇರಲಿಲ್ಲ.

“ಸುಳ್ಳು ಸ್ವಾಮಿ. ನಂದಲ್ಲ.”

“ನಿಮ್ಮ ತಂದೆಯದಾ?”

ಅವನು ತಂತಿಯನ್ನೇ ನೋಡುತ್ತಿದ್ದ. ಶಾಲಿನಿ ಮೇಡಂ ಮೆಲ್ಲಗೆ ಕೆಮ್ಮಿದರು.

“ಅಲ್ಲ ಸ್ವಾಮಿ,” ಎಂದ. “ನಮ್ಮಪ್ಪಂದೂ ಅಲ್ಲ. ಯಾರ್ದೋ ಗೊತ್ತಿಲ್ಲ.”

ಕೆಲವು ವಾರ ಕಳೆದು ಬಿಡುಗಡೆಯಾಯಿತು. ಕೋವಿಯನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಂಡು, ಮೇಲ್ಮನವಿಯ ಅವಧಿ ಮುಗಿದ ಮೇಲೆ ನಾಶಪಡಿಸಬೇಕೆಂದು ತೀರ್ಪಿನಲ್ಲಿ ಬರೆದಿತ್ತು. ವಾರಸುದಾರ ಯಾರೂ ಇಲ್ಲದ ವಸ್ತುವಿಗೆ ಇನ್ನೇನು ಮಾಡಿಯಾರು? ಹೊರಗೆ ನಾಗರಾಜು ಬೆನ್ನು ತಟ್ಟಿ ಟೀ ಕುಡಿಸಿದ. ಇಬ್ಬರಿಗೂ ಒಂದೇ ಥರದ ಪೇಪರ್ ಲೋಟ. ಕೆಂಪಸಿದ್ದಯ್ಯ ಟೀ ಮುಗಿಸಿ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಾರೆಕೊಪ್ಪಲಿಗೆ ಬಂದ.

ಅದಾಗಿ ಸ್ವಲ್ಪ ದಿನಕ್ಕೇ ಅಮಾವಾಸ್ಯೆ ಬಂತು. ಮಂಚಮ್ಮ ಮುದ್ದೆ ತಿರುವಿದಳು, ಸಾರು ಮಾಡಿದಳು, ಮಾವನಿಗೆ ಹೊಸ ಪಂಚೆ ಇಟ್ಟಳು. ಫೋಟೋದ ಪಕ್ಕ ಜಾಗ ಖಾಲಿ ಉಳಿಯಿತು. ಕುಸುಮ ಊರಿಗೆ ಬಂದಿದ್ದಳು, ಮೊಬೈಲನ್ನು ಬ್ಯಾಗಿನೊಳಗೇ ಇಟ್ಟಿದ್ದಳು. ಊದುಬತ್ತಿ ಹಚ್ಚಿ, ಬಾಗಿಲು ಮುಚ್ಚಿ, ಮೂವರೂ ಜಗಲಿಯ ಮೇಲೆ ಕೂತರು. ಹೊತ್ತು ಮುಳುಗಿತು. ಅಕ್ಕಪಕ್ಕದ ಮನೆಗಳಲ್ಲಿ ಒಬ್ಬೊಬ್ಬರೇ ಬಾಗಿಲು ತಟ್ಟಿ ಹಿರಿಯರನ್ನು ಕೂಗುವುದು ಕೇಳಿಸಿತು. ಕೆಂಪಸಿದ್ದಯ್ಯ ಕೂತಲ್ಲಿಂದ ಏಳಲಿಲ್ಲ.

“ಏಳು, ಕರಿ. ಒತ್ತಾಯ್ತು,” ಎಂದಳು ಮಂಚಮ್ಮ.

ಅವನು ಅಂಗೈಯಿಂದ ಬಾಯಿ ಒರೆಸಿಕೊಂಡ.

“ಸಾರು ಆರೋಯ್ತದೆ, ಏಳು ಅಂತೀನಿ.”

“ಯಾವ ಬಾಯಲ್ಲಿ ಕರೀಲೇ?” ಎಂದ. “ಈ ಬಾಯಲ್ಲೇ ಅಂದ್ನಲ್ಲ, ನಮ್ಮಪ್ಪಂದಲ್ಲ ಅಂತ.”

ಕುಸುಮ ಅಪ್ಪನ ಮೊಣಕಾಲಿಗೆ ತಲೆ ಇಟ್ಟು ಅತ್ತಳು. ಬಾಗಿಲ ಸಂದಿಯಿಂದ ಬರುತ್ತಿದ್ದ ಊದುಬತ್ತಿಯ ವಾಸನೆ ನಿಂತುಹೋಯಿತು. ಎಷ್ಟೋ ಹೊತ್ತಾದ ಮೇಲೆ ಮಂಚಮ್ಮನೇ ಎದ್ದು, ಸೆರಗು ತಲೆಗೆ ಎಳೆದುಕೊಂಡು ಬಾಗಿಲು ತಟ್ಟಿದಳು.